ಚಳಿಗಾಲದ ವಿಜಯಪುರ: ಒಂದು ದಿನದ ಪ್ರವಾಸಕ್ಕೆ ಹೊರಡುವ ಮುನ್ನ

ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ವಿಜಯಪುರದ ಬೀದಿಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಡಿಸೆಂಬರ್, ಜನವರಿ ಈ ಊರು ನೋಡಲು ಒಳ್ಳೆಯ ಕಾಲ. ಆದರೆ ಕರ್ನಾಟಕದಲ್ಲಿ ಚಳಿ ಹೆಚ್ಚು ಬೀಳುವ ಊರುಗಳ ಪಟ್ಟಿಯಲ್ಲಿ ಬೀದರ್ ಜೊತೆ ವಿಜಯಪುರದ ಹೆಸರೂ ಬರುತ್ತದೆ. ಹೀಗಾಗಿ ಪ್ರವಾಸದ ಸಂಭ್ರಮದ ಜೊತೆಗೆ ಆರೋಗ್ಯದ ಚಿಂತೆಯೂ ಇರುವ ಪತ್ರಗಳು ಬಂದಿವೆ. ಅವುಗಳಲ್ಲಿ ಏಳನ್ನು ಆರಿಸಿ ನಮ್ಮ ವೈದ್ಯರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ 1: ನಾವು ಮಂಡ್ಯ ಜಿಲ್ಲೆಯವರು. ಜನವರಿಯಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಮುಂಜಾನೆ ಇಳಿದು, ಅದೇ ದಿನ ಸಂಜೆ ಹಿಂದಿರುಗಬೇಕೆಂದಿದ್ದೇವೆ. ಉತ್ತರ ಕರ್ನಾಟಕ ಎಂದರೆ ಬಿಸಿಲು ಎಂದುಕೊಂಡಿದ್ದ ನಮಗೆ, ಅಲ್ಲಿ ನಡುಗುವ ಚಳಿ ಎಂದು ಪರಿಚಯದವರು ಹೆದರಿಸಿದ್ದಾರೆ. ಯಾವ ಬಟ್ಟೆ ತರಬೇಕು? ಯಾವುದನ್ನು ಮೊದಲು ನೋಡಬೇಕು?
— ಮದ್ದೂರಿನ ಓದುಗರು

ಉತ್ತರ: ಬಿಸಿಲಿನ ಊರಿಗೆ ಬಿಸಿಲಿನ ಬಟ್ಟೆ ತಂದು ಚಳಿಯಲ್ಲಿ ಸಿಕ್ಕಿಕೊಂಡರೆ ಹೇಗೆ ಎಂಬುದು ನಿಮ್ಮ ಚಿಂತೆ. ಗಾಬರಿಯಾಗಬೇಡಿ. ನಿಮ್ಮ ಪರಿಚಯದವರು ಹೇಳಿದ್ದೂ ನಿಜ, ನೀವು ಅಂದುಕೊಂಡದ್ದೂ ನಿಜ. ಜನವರಿಯ ವಿಜಯಪುರದಲ್ಲಿ ಎರಡೂ ಒಂದೇ ದಿನದಲ್ಲಿ ಸಿಗುತ್ತವೆ.

ಸಮುದ್ರದಿಂದ ದೂರವಿರುವ ಈ ಊರು ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿದೆ. ಚಳಿಗಾಲದಲ್ಲಿ ಗಾಳಿಯಲ್ಲಿ ತೇವ ಕಡಿಮೆ, ಆಕಾಶದಲ್ಲಿ ಮೋಡವೂ ಇರುವುದಿಲ್ಲ. ಮೋಡವಿದ್ದರೆ ಅದು ನೆಲಕ್ಕೆ ಕೌದಿ ಹೊದಿಸಿದ ಹಾಗೆ. ಹಗಲು ಕಾದ ಶಾಖ ಬೇಗ ಹೊರಹೋಗದು. ಮೋಡವಿಲ್ಲದ ರಾತ್ರಿ ನೆಲದ ಶಾಖ ವಿಕಿರಣವಾಗಿ (ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ) ಆಕಾಶಕ್ಕೆ ಹೋಗಿಬಿಡುತ್ತದೆ. ಚಳಿ ಜೋರಾದ ವರ್ಷಗಳಲ್ಲಿ ಬೆಳಗಿನ ಜಾವ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮಧ್ಯಾಹ್ನಕ್ಕೆ ಅದೇ ಊರು 30 ಡಿಗ್ರಿಯ ಸುತ್ತ ಇರುತ್ತದೆ.

ಆದ್ದರಿಂದ ಒಂದೇ ದಪ್ಪ ಕೋಟು ತರಬೇಡಿ. ಒಳಗೆ ಹತ್ತಿಯ ಅಂಗಿ, ಅದರ ಮೇಲೆ ಸ್ವೆಟರ್, ಕಿವಿ ಮುಚ್ಚಲು ಮಫ್ಲರ್ ಅಥವಾ ಶಾಲು ಇರಲಿ. ಹತ್ತು ಗಂಟೆಯ ನಂತರ ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಬಹುದು. ಮಧ್ಯಾಹ್ನಕ್ಕೆ ಟೋಪಿಯೋ ಕೊಡೆಯೋ ಬೇಕಾಗುತ್ತದೆ.

ಇನ್ನು ಕ್ರಮ. ಸೂರ್ಯನ ಜೊತೆಯಲ್ಲೇ ಪೂರ್ವದಿಂದ ಪಶ್ಚಿಮಕ್ಕೆ ನಡೆಯಿರಿ. ರೈಲು ನಿಲ್ದಾಣಕ್ಕೆ ಗೋಲ್‌ಗುಂಬಜ್ ಹತ್ತಿರ. ಅದು ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಶಾಲಾ ಮಕ್ಕಳ ಗುಂಪುಗಳು ಬರುವ ಮೊದಲು ಹೋದರೆ, ಮೇಲೆ ಗುಮ್ಮಟದೊಳಗಿರುವ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಜವಾಗಿ ಪಿಸುಮಾತು ಕೇಳಿಸುತ್ತದೆ. ತಿಂಡಿ ಮುಗಿಸಿ ಬಂದು, ಅದರ ಮುಂದಿರುವ ನಗಾರಖಾನೆಯ ವಸ್ತುಸಂಗ್ರಹಾಲಯ ನೋಡಿ. ಬಿಸಿಲೇರಿದ ಮೇಲೆ ಊರೊಳಗಿನ ಜುಮ್ಮಾ ಮಸೀದಿಯ ನೆರಳಿನ ಕಮಾನುಗಳು ಹಿತವಾಗಿರುತ್ತವೆ. ಬಳಿಕ ಎರಡನೇ ಅಲಿ ಆದಿಲ್‌ಶಾಹಿಯ ಅಪೂರ್ಣ ಸಮಾಧಿ ಬಾರಾಕಮಾನ್, ಆಮೇಲೆ ಮಲಿಕ್-ಎ-ಮೈದಾನ್ ತೋಪು. ಸಂಜೆಯ ಬೆಳಕಿಗೆ ಪಶ್ಚಿಮದ ಇಬ್ರಾಹಿಂ ರೋಜಾ ತಲುಪಿ. ಒಂದು ದಿನಕ್ಕೆ ಇಷ್ಟು ಸಾಕು.

ಶುಕ್ರವಾರ ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ. ಅಂದು ವಸ್ತುಸಂಗ್ರಹಾಲಯಕ್ಕೆ ರಜೆ, ಮಸೀದಿಯಲ್ಲಿ ಮಧ್ಯಾಹ್ನದ ಪ್ರಾರ್ಥನೆಯೂ ಇರುತ್ತದೆ. ಸಂಕ್ರಾಂತಿಯ ಸುತ್ತ ಸಿದ್ಧೇಶ್ವರ ಜಾತ್ರೆ ನಡೆಯುವುದರಿಂದ ಜನಸಂದಣಿ ಹೆಚ್ಚು. ಆ ದಿನಗಳಲ್ಲಿ ಬರುವುದಾದರೆ ಓಡಾಟಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ.

ಪ್ರಶ್ನೆ 2: ನನ್ನ ಒಂಬತ್ತು ವರ್ಷದ ಮಗನಿಗೆ ಉಬ್ಬಸ ಇದೆ. ಶಾಲೆಯಿಂದ ವಿಜಯಪುರಕ್ಕೆ ಪ್ರವಾಸ. ಬೆಳಿಗ್ಗೆ ಐದಕ್ಕೆ ಬಸ್ಸು ಹೊರಡುತ್ತದಂತೆ. ಕಳಿಸಲು ಭಯ, ಬೇಡವೆಂದರೆ ಅವನು ಅಳುತ್ತಾನೆ. ಏನು ಮಾಡಲಿ?
— ಒಬ್ಬ ತಾಯಿ, ಬಬಲೇಶ್ವರ

ಉತ್ತರ: ತಾಯಿ, ನಿಮ್ಮ ಭಯಕ್ಕೆ ಕಾರಣವಿದೆ. ಆದರೂ ಉಬ್ಬಸ ಹತೋಟಿಯಲ್ಲಿರುವ ಮಗು ಎಲ್ಲರ ಜೊತೆ ಪ್ರವಾಸಕ್ಕೆ ಹೋಗಬಹುದು. ಕಳೆದ ಕೆಲವು ವಾರಗಳಲ್ಲಿ ರಾತ್ರಿ ಕೆಮ್ಮಿ ಎಚ್ಚರವಾಗಿಲ್ಲ, ಆಟವಾಡುವಾಗ ದಮ್ಮು ಕಟ್ಟಿಲ್ಲ ಎಂದಾದರೆ ಅವನ ಉಬ್ಬಸ ಹತೋಟಿಯಲ್ಲಿದೆ ಎಂದು ತಿಳಿಯಬಹುದು. ಹಾಗಿಲ್ಲದಿದ್ದರೆ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಕಳಿಸಿ.

ಉಬ್ಬಸವಿರುವವರ ಶ್ವಾಸನಾಳಗಳು (ಪುಪ್ಪುಸಕ್ಕೆ ಗಾಳಿ ಒಯ್ಯುವ ಕೊಳವೆಗಳು) ಬಹಳ ಸೂಕ್ಷ್ಮ. ತಣ್ಣನೆಯ ಒಣಗಾಳಿ ನೇರವಾಗಿ ಬಡಿದರೆ ಅವು ಬಿಗಿದುಕೊಳ್ಳುತ್ತವೆ. ಮೂಗಿನಿಂದ ಉಸಿರಾಡಿದಾಗ ಗಾಳಿ ಸ್ವಲ್ಪ ಬೆಚ್ಚಗಾಗಿ, ತೇವವಾಗಿ ಒಳಗೆ ಹೋಗುತ್ತದೆ. ಓಡಿದಾಗ ಮಕ್ಕಳು ಬಾಯಿಯಿಂದ ಉಸಿರೆಳೆಯುತ್ತಾರೆ, ತೊಂದರೆ ಅಲ್ಲಿ ಶುರುವಾಗುತ್ತದೆ. ಆದ್ದರಿಂದ ಮೂಗು ಬಾಯಿ ಎರಡನ್ನೂ ಸಡಿಲವಾಗಿ ಮುಚ್ಚುವ ಮಫ್ಲರ್ ಕಟ್ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸದಂತೆ ಹೇಳಿ. ಗೋಲ್‌ಗುಂಬಜಿನ ಮೆಟ್ಟಿಲುಗಳನ್ನು ಗೆಳೆಯರ ಜೊತೆ ಪಂದ್ಯ ಕಟ್ಟಿ ಏರಬಾರದೆಂದು ಮಗನಿಗೂ ತಿಳಿಹೇಳಿ.

ಇನ್‌ಹೇಲರ್ (ಔಷಧವನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಡಬ್ಬಿ) ಬಸ್ಸಿನ ಮೇಲಿನ ಸಾಮಾನಿನಲ್ಲಿ ಇರಕೂಡದು. ಅದು ಸ್ಪೇಸರ್ (ಔಷಧ ವ್ಯರ್ಥವಾಗದಂತೆ ನಡುವೆ ಜೋಡಿಸುವ ಕೊಳವೆ) ಸಮೇತ ಅವನ ಹೆಗಲ ಚೀಲದಲ್ಲೇ ಇರಲಿ. ಎಷ್ಟು ಸಲ ಎಳೆಯಬೇಕು ಎಂದು ಚೀಟಿ ಬರೆದು ಶಿಕ್ಷಕರ ಕೈಗೆ ಕೊಡಿ. ದಿನವೂ ತೆಗೆದುಕೊಳ್ಳುವ ಔಷಧವನ್ನು ಪ್ರವಾಸದ ದಿನ ಬಿಡಬೇಡಿ.

ಮಾತಾಡುವಾಗ ಒಂದು ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ತುಟಿ ನೀಲಿಗಟ್ಟಿದರೆ ಕಾಯಬಾರದು. ಇನ್‌ಹೇಲರ್ ಕೊಡುತ್ತಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಇದನ್ನೂ ಆ ಚೀಟಿಯಲ್ಲಿ ಬರೆಯಿರಿ.

ಇನ್ನೊಂದು ಮಾತನ್ನು ಪಾಲಕರೆಲ್ಲ ಸೇರಿ ಶಾಲೆಗೆ ಹೇಳಬೇಕು. ಇದು ಕಬ್ಬು ನುರಿಸುವ ಕಾಲ. ಕತ್ತಲಲ್ಲಿ, ಮಂಜಿನಲ್ಲಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಯಲ್ಲಿರುತ್ತವೆ. ಬಬಲೇಶ್ವರದಿಂದ ವಿಜಯಪುರ ದೂರವೇನಲ್ಲ. ಐದರ ಬದಲು ಸೂರ್ಯ ಹುಟ್ಟಿದ ಮೇಲೆ ಬಸ್ಸು ಹೊರಟರೆ ನಿಮ್ಮ ಮಗನ ಉಸಿರಿಗೂ ಒಳ್ಳೆಯದು, ಬಸ್ಸಿನಲ್ಲಿರುವ ಎಲ್ಲ ಮಕ್ಕಳಿಗೂ ಒಳ್ಳೆಯದು.

ಪ್ರಶ್ನೆ 3: ನಮ್ಮ ಅವ್ವನಿಗೆ ಎಪ್ಪತ್ತೆರಡು. ಮೊಣಕಾಲು ನೋವಿದೆ, ಬಿ.ಪಿ. ಮಾತ್ರೆ ನಡೆದಿದೆ. "ಸಾಯುವುದರೊಳಗೆ ಗೋಲ್‌ಗುಂಬಜ್ ಹತ್ತಿ ನೋಡಬೇಕು" ಎನ್ನುತ್ತಾಳೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ, ಹತ್ತಿಸಲು ಧೈರ್ಯವಿಲ್ಲ.
— ಸಿಂದಗಿಯ ಓದುಗರು

ಉತ್ತರ: ಅವ್ವನ ಆಸೆ ದೊಡ್ಡದು, ನಿಮ್ಮ ಅಳುಕೂ ಸರಿಯಾದದ್ದೇ. ಮೊದಲು ಸಮಾಧಾನದ ಮಾತು: ಗೋಲ್‌ಗುಂಬಜ್ ನೋಡಲು ಗೋಲ್‌ಗುಂಬಜ್ ಹತ್ತಲೇಬೇಕಿಲ್ಲ.

ಕಟ್ಟಡದ ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳಿವೆ. ಮೇಲೆ ಹೋಗುವ ದಾರಿ ಈ ಗೋಪುರದೊಳಗಿನ ಇಕ್ಕಟ್ಟಾದ, ಸುತ್ತುವ ಮೆಟ್ಟಿಲು. ಮೆಟ್ಟಿಲುಗಳು ಎತ್ತರ; ಮೇಲಿನಿಂದ ಇಳಿಯುವವರಿಗೂ ಕೆಳಗಿನಿಂದ ಏರುವವರಿಗೂ ಅದೇ ದಾರಿ. ಗ್ಯಾಲರಿ ಇರುವುದು ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ. ಸವೆದ ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದು ಹೆಚ್ಚು ಭಾರ. ಹುಮ್ಮಸ್ಸಿನಲ್ಲಿ ಏರಿದ ಹಿರಿಯರು ಇಳಿಯಲಾಗದೆ ನಡುವೆ ಕುಳಿತುಬಿಡುವುದು ಅದಕ್ಕೇ.

ಚಳಿಯ ಬೆಳಿಗ್ಗೆ ಇನ್ನೊಂದು ಎಚ್ಚರವೂ ಬೇಕು. ದೇಹದ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ (ಕಿರಿದಾಗುತ್ತವೆ). ಆಗ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾದೀತು ಎಂದು ಕೆಲವರು ಅಂದಿನ ಬಿ.ಪಿ. ಮಾತ್ರೆಯನ್ನೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ನುಂಗಿಸಿ, ತಿಂಡಿ ಕೊಟ್ಟು, ಎಳೆಬಿಸಿಲು ಬಿದ್ದ ಮೇಲೆ ಒಂಬತ್ತು ಗಂಟೆಯ ಸುಮಾರಿಗೆ ಕರೆತನ್ನಿ.

ಕೆಳಗಿನ ಒಳಾಂಗಣದ ನಡುವೆ ಅವ್ವನನ್ನು ನಿಲ್ಲಿಸಿ ಮೇಲೆ ನೋಡಲು ಹೇಳಿ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟ ಅದು. ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳು ಚೌಕದ ಗೋಡೆಗಳಿಂದ ಮೇಲೆದ್ದು ದುಂಡನೆಯ ಗುಮ್ಮಟದ ಭಾರ ಹೊತ್ತಿವೆ. ಆ ಕೌಶಲ ಕಾಣುವುದು ಕೆಳಗೆ ನಿಂತವರಿಗೇ. ಮಹಮ್ಮದ್ ಆದಿಲ್‌ಶಾಹಿ (ಆಳ್ವಿಕೆ 1627–1656) ಮತ್ತು ಅವನ ಕುಟುಂಬದವರ ಗೋರಿಗಳ ಗುರುತು ನಡುವಿನ ಕಟ್ಟೆಯ ಮೇಲಿದೆ. ನಿಜವಾದ ಗೋರಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ನೀವು ಮೇಲೆ ಹೋಗಿ ಅವ್ವನನ್ನು ಕರೆದರೆ, ಕೆಳಗಿನಿಂದಲೇ ಅವರು ನಿಮ್ಮ ಪ್ರತಿಧ್ವನಿ ಕೇಳಬಹುದು.

ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಪ್ರವಾಸ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಿ ಕೂರಬೇಡಿ.

ಪ್ರಶ್ನೆ 4: ನನಗೆ ಎತ್ತರ ಎಂದರೆ ಭಯ. ಹಿಂದೊಮ್ಮೆ ಗೋಲ್‌ಗುಂಬಜಿನ ಮೇಲೆ ಹೋಗಿ, ಜನರ ಕೂಗಾಟದ ನಡುವೆ ಕಟಾಂಜನದಿಂದ ಕೆಳಗೆ ನೋಡಿದ ಕೂಡಲೇ ಎದೆ ಹೊಡೆದುಕೊಂಡು ಕೈಕಾಲು ತಣ್ಣಗಾದವು. ಗೆಳತಿಯರು ಈಗಲೂ ಆಡಿಕೊಳ್ಳುತ್ತಾರೆ. ಈ ಸಲ ಮತ್ತೆ ಕಾಲೇಜಿನವರೆಲ್ಲ ಹೊರಟಿದ್ದೇವೆ.
— ವಿದ್ಯಾರ್ಥಿನಿ, ಅಥಣಿ

ಉತ್ತರ: ನಿಮಗೆ ಆದದ್ದು ನಾಟಕವೂ ಅಲ್ಲ, ದೌರ್ಬಲ್ಯವೂ ಅಲ್ಲ. ಎತ್ತರದ ಭೀತಿ ಬಹಳ ಜನರಿಗೆ ಇರುತ್ತದೆ. ಅಪಾಯ ಬಂತು ಎಂದುಕೊಂಡ ದೇಹ ಅಡ್ರಿನಲಿನ್ (ಗಾಬರಿಯಲ್ಲಿ ರಕ್ತಕ್ಕೆ ಸೇರುವ ರಸ) ಸುರಿಸುತ್ತದೆ. ಅದರಿಂದಲೇ ಎದೆಬಡಿತ, ತಣ್ಣನೆ ಕೈಕಾಲು. ಈ ಅಲೆ ಏರಿದ ಹಾಗೆಯೇ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಹೋಗುವುದೋ ಬಿಡುವುದೋ ನಿಮ್ಮ ಇಷ್ಟ. ಯಾರ ಒತ್ತಾಯಕ್ಕೂ ಹತ್ತಬೇಡಿ. ಹೋಗಬೇಕೆನಿಸಿದರೆ ಬೇಗ ಹೋಗಿ. ಗದ್ದಲ ಕಡಿಮೆಯಿದ್ದಷ್ಟೂ ಗಾಬರಿ ಕಡಿಮೆ. ಗ್ಯಾಲರಿ ಸುಮಾರು 11 ಅಡಿ ಅಗಲವಿದೆ. ಕಟಾಂಜನದ ಬಳಿ ಹೋಗಲೇಬೇಕಿಲ್ಲ. ಗೋಡೆಗೆ ಕೈ ತಾಗಿಸಿಕೊಂಡು, ಕಣ್ಣನ್ನು ಎದುರಿನ ಗೋಡೆಯ ಮೇಲಿಟ್ಟು ನಡೆಯಿರಿ. ತಲೆ ಸುತ್ತಿದರೆ ಗೋಡೆಗೆ ಒರಗಿ ಕುಳಿತು, ಮೂಗಿನಿಂದ ನಿಧಾನ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಾಯಿಯಿಂದ ಬಿಡಿ.

ಗ್ಯಾಲರಿಯ ಅಚ್ಚರಿಯೂ ಗೋಡೆಯ ಬಳಿಯೇ ಇದೆ. ಅಲ್ಲಿ ಆಡಿದ ಪಿಸುಮಾತಿನ ಅಲೆಗಳು ಬಾಗಿದ ಗೋಡೆಯನ್ನು ಅಂಟಿಕೊಂಡು ಸಾಗಿ ಎದುರು ಬದಿಯ ಕಿವಿಗೆ ತಲುಪುತ್ತವೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗ್ಯಾಲರಿಯನ್ನು ನೋಡಿ ಇದನ್ನು ವಿವರಿಸಿದವರು ಲಾರ್ಡ್ ರ್‍ಯಾಲಿ. ನಮ್ಮ ಸಿ.ವಿ. ರಾಮನ್ ಅವರೂ 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳ ಅಧ್ಯಯನ ಮಾಡಿದಾಗ ಗೋಲ್‌ಗುಂಬಜನ್ನು ಅದರಲ್ಲಿ ಸೇರಿಸಿದ್ದರು. ನಿಮ್ಮ ಗೆಳತಿಯನ್ನು ಎದುರು ಬದಿಗೆ ಕಳಿಸಿ, ಗೋಡೆಗೆ ಕಿವಿ ಹಚ್ಚಿ ಕುಳಿತುಕೊಳ್ಳಿ. ಗಮನ ಕೇಳುವುದರ ಮೇಲೆ ನೆಟ್ಟರೆ ಎತ್ತರದ ಭಯ ಹಿಂದೆ ಸರಿಯುತ್ತದೆ.

ಆಡಿಕೊಳ್ಳುವ ಗೆಳತಿಯರಿಗೂ ಒಂದು ಮಾತು. ಹೆದರಿದವರ ಕೈ ಹಿಡಿಯುವುದು ಜೊತೆಗಾರರ ಕೆಲಸ. ಅಲ್ಲಿ ಕಿರುಚಿದರೆ ಒಂದು ಕೂಗು ಏಳೆಂಟು ಸಲ ಮರಳಿ ಬರುತ್ತದೆ. ಹಸುಗೂಸುಗಳ ಕಿವಿಗೂ ಹೆದರಿದವರ ಎದೆಗೂ ಅದು ಕಷ್ಟ. ಎಳೆಯ ಕೂಸುಗಳನ್ನು ಗದ್ದಲದ ಹೊತ್ತಿನಲ್ಲಿ ಮೇಲೆ ಒಯ್ಯದಿರುವುದೇ ಒಳ್ಳೆಯದು.

ಪ್ರಶ್ನೆ 5: ನಮ್ಮ ಯಜಮಾನರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದಂತಿರುತ್ತದೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆಯುತ್ತದೆ. ಊರಿಗೆ ಬಂದ ಬೀಗರನ್ನು ಕರೆದುಕೊಂಡು ವಿಜಯಪುರ ತೋರಿಸಬೇಕು. ಊಟ, ನಡಿಗೆ ಹೇಗೆ?
— ಗೃಹಿಣಿ, ತಿಕೋಟಾ

ಉತ್ತರ: ನೀವು ಊಟಕ್ಕಿಂತ ಮೊದಲು ಪಾದದ ವಿಷಯ ಬರೆದಿದ್ದೀರಿ, ಅದು ಜಾಣತನ. ಭಯ ಬೇಡ. ಸಕ್ಕರೆ ಕಾಯಿಲೆಯವರಿಗೆ ನಡಿಗೆ ಒಳ್ಳೆಯದೇ. ಪಾದ ಕಾಯ್ದುಕೊಂಡರೆ ಈ ಪ್ರವಾಸದಿಂದ ಅವರಿಗೆ ಹಿತವೇ ಆಗುತ್ತದೆ.

ಜೋಮು ಹಿಡಿದಂತಿದೆ ಎಂದರೆ ನರವ್ಯಾಧಿ (ಸಕ್ಕರೆಯಿಂದ ನರಗಳು ಸೊರಗಿ ಸ್ಪರ್ಶ, ನೋವು ತಿಳಿಯದಂತಾಗುವುದು) ಶುರುವಾಗಿರಬಹುದು. ನಮ್ಮ ಮಸೀದಿ, ಗುಡಿ, ಸಮಾಧಿಗಳಲ್ಲಿ ಪಾದರಕ್ಷೆ ಬಿಟ್ಟು ಹೋಗಬೇಕು. ಬೆಳಿಗ್ಗೆ ಆ ಕಲ್ಲು ಕೊರೆಯುವಷ್ಟು ತಣ್ಣಗಿರುತ್ತದೆ, ಮಧ್ಯಾಹ್ನ ಅದೇ ಕಲ್ಲು ಕಾದಿರುತ್ತದೆ. ನಮಗಾದರೆ ಚುರುಕೆಂದು ತಿಳಿಯುತ್ತದೆ. ಅವರಿಗೆ ತಿಳಿಯದೆ ಬೊಬ್ಬೆ ಏಳಬಹುದು, ಸಣ್ಣ ಹರಳು ಚುಚ್ಚಿದ್ದೂ ಗೊತ್ತಾಗದಿರಬಹುದು. ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ. ಚೀಲದಲ್ಲಿ ಇನ್ನೊಂದು ಜೊತೆ ಇರಲಿ. ಹೊಸ ಚಪ್ಪಲಿಯನ್ನು ಅಂದೇ ಮೊದಲು ಹಾಕುವುದು ಬೇಡ. ಮನೆಗೆ ಬಂದ ಮೇಲೆ ಬೆಳಕಿನಲ್ಲಿ ಅಂಗಾಲು, ಬೆರಳ ಸಂದು ನೀವೇ ನೋಡಿ. ಪಾದ ಬೆಚ್ಚಗಾಗಲೆಂದು ಬೆಂಕಿಯ ಮುಂದೆ ಚಾಚುವುದು, ಬಿಸಿನೀರಲ್ಲಿ ಅದ್ದುವುದು ಎರಡೂ ಅಪಾಯ.

ಒಡೆದ ಹಿಮ್ಮಡಿಗೆ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಹುಣ್ಣಾಗುತ್ತದೆ. ಬಿರುಕಿನಿಂದ ರಕ್ತ ಅಥವಾ ಕೀವು ಬಂದರೆ ವೈದ್ಯರನ್ನು ಕಾಣಿ.

ಊಟದ ಮಾತು. ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು ಕಟ್ಟಿಕೊಂಡು ಹೋಗಿ. ಬೀಗರೊಂದಿಗೆ ಶೇಂಗಾ ಹೋಳಿಗೆ ತಿನ್ನಲೇಬೇಕಾದರೆ ಸಣ್ಣ ತುಣುಕಿಗೆ ನಿಲ್ಲಿಸಲಿ. ಹೊಲದಲ್ಲಿ ಸೀತನಿ (ಸುಟ್ಟ ಹಸಿ ಜೋಳದ ತೆನೆಯ ಕಾಳು) ಸಿಕ್ಕರೆ ಬೊಗಸೆಯಷ್ಟು ತಿನ್ನಲಿ, ಆಗ ರೊಟ್ಟಿ ಒಂದು ಕಡಿಮೆ ಮಾಡಲಿ. ಊಟ ತಡವಾದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು: ನಡುಕ, ಬೆವರು, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು ಅದರ ಗುರುತು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಒಣಗಾಳಿ ನೀರಿನಂಶ ಹೀರುತ್ತಲೇ ಇರುತ್ತದೆ. ಗಂಟೆಗೊಮ್ಮೆ ನಾಲ್ಕು ಗುಟುಕು ನೀರು ಕುಡಿಯಲಿ.

ಪ್ರಶ್ನೆ 6: ನಮ್ಮ ಮಗ ಉತ್ತರ ಚೀನಾದ ಹಾರ್ಬಿನ್‌ನಲ್ಲಿ ಓದುತ್ತಿದ್ದಾನೆ. ಗೆಳೆಯರೊಂದಿಗೆ ಅಲ್ಲಿನ ಮಂಜುಗಡ್ಡೆಯ ಉತ್ಸವ ನೋಡಲು ಇಡೀ ದಿನ ಸುತ್ತುತ್ತಾನಂತೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಎಂದ. ಇಲ್ಲಿ ಹತ್ತು ಡಿಗ್ರಿಗೆ ನಾವು ನಡುಗುತ್ತೇವೆ. ಅವನ ತಾಯಿ ನಿದ್ದೆ ಮಾಡುತ್ತಿಲ್ಲ.
— ವಿಜಯಪುರದ ತಂದೆ

ಉತ್ತರ: ಅಷ್ಟು ದೂರವಿರುವ ಮಗನ ಬಗ್ಗೆ ನಿದ್ದೆ ಬಾರದಿರುವುದು ಸಹಜ. ಹಾರ್ಬಿನ್‌ನಲ್ಲಿ ಜನವರಿ ರಾತ್ರಿಗಳ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದು ಮಾಮೂಲು. ಆದರೆ ಆ ಊರು ಚಳಿಗೆಂದೇ ಸಜ್ಜಾದ ಊರು. ಮನೆ, ಅಂಗಡಿಗಳ ಒಳಗೆ ಬೆಚ್ಚಗಿರುತ್ತದೆ. ಹೆಪ್ಪುಗಟ್ಟಿದ ಸೊಂಗ್‌ಹ್ವಾ ನದಿಯಿಂದ ಮಂಜುಗಡ್ಡೆಯ ದಿಮ್ಮಿಗಳನ್ನು ಕೊಯ್ದು ಅರಮನೆ, ಗೋಪುರ ಕಟ್ಟಿ ದೀಪ ಬೆಳಗುವ ಉತ್ಸವ 1985ರಿಂದ ನಡೆಯುತ್ತಿದೆ. ಲಕ್ಷಾಂತರ ಜನ ನೋಡಿ ಕ್ಷೇಮವಾಗಿ ಮನೆಗೆ ಹೋಗುತ್ತಾರೆ. ನಿಮ್ಮ ಮಗನೂ ಹೋಗಬಹುದು, ನಿಯಮ ಗೊತ್ತಿದ್ದರೆ.

ಅವನಿಗೆ ಫೋನಿನಲ್ಲಿ ಇಷ್ಟು ಹೇಳಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರಬಾರದು. ಹತ್ತಿ ಬೆವರನ್ನು ಹಿಡಿದಿಟ್ಟು ಮೈ ತಣ್ಣಗಾಗಿಸುತ್ತದೆ. ಉಣ್ಣೆಯ ಅಥವಾ ಬೆವರು ಹೊರಹಾಕುವ ಒಳಅಂಗಿ, ನಡುವೆ ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು. ಟೋಪಿ, ಬೆರಳೆಲ್ಲ ಒಟ್ಟಿಗಿರುವ ಕೈಗವಸು, ಬಿಗಿಯಲ್ಲದ ಬೂಟು ಬೇಕು. ಆಗಾಗ ಬೆಚ್ಚಗಿನ ಅಂಗಡಿಯೊಳಗೆ ಹೋಗಿ ಬರಬೇಕು. ಮದ್ಯ ಮೈ ಬೆಚ್ಚಗಾಗಿಸುತ್ತದೆ ಎಂಬುದು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ.

ಮೂಗು, ಕಿವಿ, ಬೆರಳ ತುದಿ ಬಿಳಿಚಿ ಮರಗಟ್ಟಿದರೆ ಅದು ಹಿಮಕಡಿತದ (ಚರ್ಮದೊಳಗಿನ ನೀರು ಹೆಪ್ಪುಗಟ್ಟಿ ಅಂಗ ಕೆಡುವುದರ) ಮುನ್ಸೂಚನೆ. ಉಜ್ಜಬಾರದು, ಹಿಮ ಸವರಲೇಬಾರದು. ಒಳಗೆ ಹೋಗಿ ಕಂಕುಳಲ್ಲಿ ಅಥವಾ ಉಗುರುಬೆಚ್ಚಗಿನ ನೀರಲ್ಲಿ ನಿಧಾನವಾಗಿ ಬೆಚ್ಚಗಾಗಿಸಿ, ವೈದ್ಯರಿಗೆ ತೋರಿಸಬೇಕು. ಯಾರಾದರೂ ತಡೆಯಿಲ್ಲದೆ ನಡುಗಿ, ಆಮೇಲೆ ತೊದಲಿ, ಮಂಕಾಗಿ ಕುಳಿತರೆ ಅದು ಅಲ್ಪೋಷ್ಣತೆ (ದೇಹದ ಒಳಗಿನ ಶಾಖವೇ ಕುಸಿಯುವುದು). ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಊರಿನಲ್ಲಿರುವ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಮೈ ಮುಟ್ಟಿ ತಂಪಾಗಿದೆ ಎಂದು ಮಕ್ಕಳು ಖುಷಿಪಡುತ್ತಾರೆ. ಹಾರ್ಬಿನ್‌ನಲ್ಲಿ ಒದ್ದೆ ಕೈಯಿಂದ ಲೋಹ ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಳ್ಳಬಹುದು. ಈ ಒಂದು ಮಾತನ್ನು ಅವನಿಗೆ ಎರಡು ಸಲ ಹೇಳಿ. ಹೊರಡುವ ಮುನ್ನ ಮತ್ತು ಮರಳಿದ ಮೇಲೆ ಒಂದು ಸಂದೇಶ ಕಳಿಸಲು ಹೇಳಿದರೆ ಅವನ ತಾಯಿಗೂ ನಿದ್ದೆ ಬರುತ್ತದೆ.

ಪ್ರಶ್ನೆ 7: ನಮ್ಮ ಮನೆ ಭೂತನಾಳದಲ್ಲಿ. ರಜೆಗೆ ಬಂದ ನೆಂಟರ ಮಕ್ಕಳೆಲ್ಲ ಊರು ನೋಡಿ ಮುಗಿಸಿ ಸಂಜೆ ಕೆರೆಗೆ ಹೋಗೋಣ ಎನ್ನುತ್ತಾರೆ. ಕತ್ತಲಾಗುತ್ತಲೇ ಅಲ್ಲಿ ಥಂಡಿ. ದೊಡ್ಡ ಹುಡುಗರು ನೀರಿಗೆ ಇಳಿಯುವ ಮಾತಾಡುತ್ತಾರೆ. ಗದರಿದರೆ ಕೇಳುವುದಿಲ್ಲ.
— ಭೂತನಾಳದ ಅಜ್ಜ

ಉತ್ತರ: ಅಜ್ಜನವರೇ, ಮಕ್ಕಳು ಕೆರೆ ನೋಡಲು ಬಯಸುವುದು ಒಳ್ಳೆಯದೇ. ನೀರಿನ ವಿಷಯದಲ್ಲಿ ನಿಮ್ಮ ಅಂಜಿಕೆಯೂ ಸರಿ. ಕರೆದುಕೊಂಡು ಹೋಗಿ, ಆದರೆ ನಾಲ್ಕೂವರೆಗೆ ಹೋಗಿ ಸೂರ್ಯ ಮುಳುಗುವಾಗ ಎದ್ದುಬನ್ನಿ. ಮೋಡವಿಲ್ಲದ ಸಂಜೆ ಬಯಲು ಬೇಗ ತಣ್ಣಗಾಗುತ್ತದೆ. ಮಧ್ಯಾಹ್ನ ತೆಗೆದಿಟ್ಟ ಸ್ವೆಟರ್ ಕೆರೆಗೆ ಬರುವ ಮೊದಲೇ ಮೈಮೇಲಿರಲಿ. ಬೆವರಿದ ಅಂಗಿ ಬದಲಿಸಿದರೆ ಇನ್ನೂ ಒಳ್ಳೆಯದು.

ಈಜಲು ಇಳಿಯುವುದು ಮಾತ್ರ ಬೇಡವೇ ಬೇಡ. ತಣ್ಣೀರಿಗೆ ಒಮ್ಮೆಲೇ ಬಿದ್ದ ದೇಹ ತಾನಾಗಿ ಜೋರಾಗಿ ಉಸಿರೆಳೆಯುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ನೀರು ಪುಪ್ಪುಸಕ್ಕೆ ಹೋಗುತ್ತದೆ. ಈಜು ಬಲ್ಲವರೂ ಮುಳುಗುವುದು ಹೀಗೆ. ಕೆರೆಯ ಅಂಗಳದ ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುವ ಅಪಾಯ ಬೇರೆ. ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ ಹಗ್ಗ, ಸೀರೆ, ಉದ್ದ ಕೋಲು ಚಾಚಬೇಕೆಂದು ಹುಡುಗರಿಗೆ ಕಲಿಸಿ.

ಬರೀ ಗದರಿದರೆ ಕೇಳದ ಹುಡುಗರು ಕಾರಣ ಹೇಳಿದರೆ ಕೇಳುತ್ತಾರೆ. ಭೂತನಾಳ ಕೆರೆ ವಿಜಯಪುರ ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಎಂದು ಹೇಳಿ. ಮಳೆ ಕಡಿಮೆಯ ಈ ನಾಡಿನಲ್ಲಿ ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗ ಕಾಲುವೆಗಳಲ್ಲಿ ನೀರು ತಂದದ್ದು, ಬೇಗಂ ತಾಲಾಬ್ ಕಟ್ಟಿಸಿದ್ದು, ತಾಜ್ ಬಾವಡಿ ತೋಡಿಸಿದ್ದು ಎಲ್ಲ ಹೇಳಿ. ಬೆಳಿಗ್ಗೆ ಅವರು ನೋಡಿದ ಗುಮ್ಮಟ ಕಟ್ಟಿದವರಿಗೂ ಮೊದಲು ನೀರೇ ಬೇಕಾಗಿತ್ತು. ಆಮೇಲೆ ಆ ಕೆರೆಗೆ ಚಿಪ್ಸಿನ ಚೀಟು ಎಸೆಯಲು, ಬಟ್ಟೆ ಬಿಚ್ಚಿ ಹಾರಲು ಅವರ ಮನಸ್ಸೇ ಒಪ್ಪದು. ದಂಡೆಯಿಂದ ಹಕ್ಕಿಗಳನ್ನು ಎಣಿಸುವ ಕೆಲಸ ಕೊಡಿ, ಸದ್ದಿಲ್ಲದೆ ಕೂರುತ್ತಾರೆ.

ಎಲ್ಲ ಓದುಗರಿಗೆ: ವಿಜಯಪುರದ ಚಳಿಗಾಲದ ಒಂದು ದಿನದಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಎಂದು ಮೂರು ಹವೆಗಳಿವೆ. ಜೊತೆಯಲ್ಲಿರುವ ಅತ್ಯಂತ ಸೂಕ್ಷ್ಮ ಆರೋಗ್ಯದವರಿಗೆ ಯಾವ ಹೊತ್ತು ಹಿತವೋ ಆ ಹೊತ್ತಿಗೆ ತಕ್ಕಂತೆ ಪ್ರವಾಸ ಜೋಡಿಸಿ. ಹತ್ತು ಜಾಗ ಓಡಿ ನೋಡುವುದಕ್ಕಿಂತ ನಾಲ್ಕು ಜಾಗ ನಿಂತು ನೋಡುವುದು ದೇಹಕ್ಕೂ ಮನಸ್ಸಿಗೂ ಒಳ್ಳೆಯದು. ದಿನದ ಮಾತ್ರೆ, ನೀರಿನ ಬಾಟಲಿ, ಒಂದು ಶಾಲು, ಇವನ್ನು ಯಾರೂ ಮನೆಯಲ್ಲಿ ಬಿಟ್ಟು ಬರಬೇಡಿ.

ಇಲ್ಲಿನ ಉತ್ತರಗಳು ಸಾಮಾನ್ಯ ಸಲಹೆಗಳು. ನಿಮ್ಮನ್ನು ಪರೀಕ್ಷಿಸುವ ವೈದ್ಯರ ಮಾತೇ ಕೊನೆಯದು. ಪ್ರಶ್ನೆ ಬರೆಯುವಾಗ ವಯಸ್ಸು, ಇರುವ ಕಾಯಿಲೆ, ತೆಗೆದುಕೊಳ್ಳುವ ಔಷಧ ಮೂರನ್ನೂ ತಪ್ಪದೆ ನಮೂದಿಸಿ.